ಕಲ್ಲಿದ್ದಲಿಗೆ ಹೋಗುವ ದುಡ್ಡು ಬಜೆಟ್‌ನಲ್ಲಿ ಯಾಕೆ ಕಾಣುವುದಿಲ್ಲ?

ಪ್ರಿಯ ಓದುಗರೇ,

"ಕಲ್ಲಿದ್ದಲು ಕರೆಂಟಿಗೆ ಸರ್ಕಾರಗಳು ಸಬ್ಸಿಡಿ ಕೊಡುತ್ತವೆ ಅಂತ ಬರೆದಿದ್ದೀರಿ. ಹುಡುಕಿದರೂ ಬಜೆಟ್‌ನಲ್ಲಿ ನನಗೆ ಸಿಗಲಿಲ್ಲ. ಕೊಡುವುದು ನಿಜವಾದರೆ ನಾಳೆಯೇ ನಿಲ್ಲಿಸಬಾರದೇ?" ಎಂದು ರಾಯಚೂರಿನಿಂದ ಕೇಳಿದ್ದೀರಿ. ಶಾಖೋತ್ಪನ್ನ ಸ್ಥಾವರ ಇರುವ ಊರಿನವರು ಕೇಳಲೇಬೇಕಾದ ಪ್ರಶ್ನೆ.

ಸಬ್ಸಿಡಿ ಎಂಬ ಹೆಸರಲ್ಲಿ ಹುಡುಕಿದರೆ ಅದು ಸಿಗುವುದು ಕಷ್ಟ. ಇಂಡೊನೇಷ್ಯಾವನ್ನೇ ನೋಡಿ. ಅಲ್ಲಿ ಗಣಿ ಕಂಪನಿಗಳು ತೆಗೆದ ಕಲ್ಲಿದ್ದಲಿನಲ್ಲಿ ಕಾಲು ಭಾಗವನ್ನು ದೇಶದೊಳಗೇ ಮಾರಬೇಕು. 2018ರಿಂದ ವಿದ್ಯುತ್ ಸ್ಥಾವರಗಳಿಗೆ ಟನ್ನಿಗೆ 70 ಡಾಲರ್‌ಗಿಂತ ಜಾಸ್ತಿ ಕೇಳುವಂತಿಲ್ಲ. ಇದಕ್ಕಾಗಿ ಖಜಾನೆಯಿಂದ ದುಡ್ಡು ಹೋಗಲಿಲ್ಲ, ಆದರೆ ಕಲ್ಲಿದ್ದಲು ಕರೆಂಟು ಮಾತ್ರ ಅಗ್ಗವಾಯಿತು. ಸೋಲಾರ್ ಹಾಕುವವರು ಈ ಕಟ್ಟುಹಾಕಿದ ದರದ ಜೊತೆ ಪೈಪೋಟಿ ಮಾಡಬೇಕು. 2021ರಲ್ಲಿ ಹೊರಗಿನ ದರ ಎರಡು ಪಟ್ಟಿಗೂ ಮೀರಿ ಏರಿತು. ಗಣಿಯವರು ಹಡಗು ತುಂಬಿ ಹೊರದೇಶಕ್ಕೇ ಕಳಿಸತೊಡಗಿದರು, ಸ್ವದೇಶದ ಸ್ಥಾವರಗಳ ದಾಸ್ತಾನು ಕರಗಿತು. ಕೊನೆಗೆ 2022ರ ಜನವರಿಯಲ್ಲಿ ಸರ್ಕಾರ ರಫ್ತನ್ನೇ ನಿಲ್ಲಿಸಬೇಕಾಯಿತು.

ಚೀನಾದ್ದು ಬೇರೆ ದಾರಿ. 2024ರಿಂದ ಅಲ್ಲಿ ಕಲ್ಲಿದ್ದಲು ಸ್ಥಾವರಗಳಿಗೆ ಕರೆಂಟು ಮಾರಿದ್ದಕ್ಕಷ್ಟೇ ಅಲ್ಲ, ಬೇಕಾದಾಗ ಓಡಲು ಸಿದ್ಧವಾಗಿ ನಿಂತಿದ್ದಕ್ಕೂ ಹಣ ಸಿಗುತ್ತದೆ. ದಕ್ಷಿಣ ಆಫ್ರಿಕಾ 2023ರಲ್ಲಿ, ಬಹುಪಾಲು ಕಲ್ಲಿದ್ದಲಿನಿಂದಲೇ ಕರೆಂಟು ತಯಾರಿಸುವ ತನ್ನ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್‌ಗೆ 25,400 ಕೋಟಿ ರ‍್ಯಾಂಡ್ ನೆರವು ಘೋಷಿಸಿತು. ಅದರ ಹೆಸರು ಸಾಲ ಪರಿಹಾರ.

ನಮ್ಮಲ್ಲಿ? ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಹಾಕಿಸುವಂಥ ಕಟ್ಟುನಿಟ್ಟಿನ ಮಿತಿಗಳು 2015ರಲ್ಲೇ ಬಂದವು. ಗಡುವು ಮುಂದೆ ಮುಂದೆ ಹೋಗಿ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಸ್ಥಾವರಕ್ಕೆ ಖರ್ಚು ಉಳಿಯಿತು, ಹೊಗೆ ಕುಡಿಯುವವರು ಸುತ್ತಲಿನ ಜನ. ಇದೂ ಬೆಂಬಲವೇ ಅಲ್ವಾ?

ಇನ್ನು ನಾಳೆಯೇ ನಿಲ್ಲಿಸುವ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಕಪ್ಪು ಕಲ್ಲಿದ್ದಲು ಗಣಿಗಳ ಸಬ್ಸಿಡಿ ನಿಲ್ಲಿಸಲು ಜರ್ಮನಿ 2007ರಲ್ಲಿ ನಿರ್ಧರಿಸಿ 2018ರವರೆಗೆ ಸಮಯ ಕೊಟ್ಟಿತು. ಆ ಅವಧಿಯಲ್ಲಿ ಎಷ್ಟೋ ಕಾರ್ಮಿಕರು ಮುಂಚಿತ ನಿವೃತ್ತಿ ಪಡೆದರು. 2018ರ ಡಿಸೆಂಬರ್ 21ರಂದು ಬಾಟ್ರಾಪ್‌ನ ಗಣಿಯಿಂದ ಮೇಲೆ ಬಂದ ಕಾರ್ಮಿಕರು ಕೊನೆಯ ಕಪ್ಪು ಕಲ್ಲಿದ್ದಲ ಗಟ್ಟಿಯನ್ನು ಅಧ್ಯಕ್ಷ ಸ್ಟೈನ್‌ಮಯರ್ ಕೈಗಿಟ್ಟರು. ಸ್ಥಾವರಗಳು ಮಾತ್ರ ಹೊರದೇಶದ ಕಲ್ಲಿದ್ದಲು ತರಿಸಿ ಉರಿಸುತ್ತಲೇ ಇದ್ದವು.

ಅವನ್ನೂ ಮುಚ್ಚಲು 2020ರಲ್ಲಿ ಕಾನೂನು ಬಂತು. ಕಲ್ಲಿದ್ದಲು ನಂಬಿದ ಪ್ರದೇಶಗಳಿಗೆ 2038ರವರೆಗೆ 4,000 ಕೋಟಿ ಯೂರೋವರೆಗೆ ನೆರವು, ಕಂದು ಕಲ್ಲಿದ್ದಲಿನ (ಕಡಿಮೆ ದರ್ಜೆಯ ಕಲ್ಲಿದ್ದಲು) ಎರಡು ಕಂಪನಿಗಳಿಗೆ 435 ಕೋಟಿ ಯೂರೋ ಪರಿಹಾರ. ಮೊದಲನೆಯದು ನನಗೆ ಪೂರ್ತಿ ಒಪ್ಪಿಗೆ. ಎರಡನೆಯದು ಅಲ್ಲ. ದಶಕಗಟ್ಟಲೆ ಲಾಭ ಮಾಡಿದವರಿಗೆ ಬಾಗಿಲು ಮುಚ್ಚಲೂ ಜನರ ದುಡ್ಡು ಯಾಕೆ ಕೊಡಬೇಕು?

— ಸಂಪಾದಕ