ಕಾಸರಗೋಡಿನಲ್ಲಿ ತಾಯಿ ಮನೆ ಯಾವುದೆಂದು ಯಾಕೆ ಕೇಳುತ್ತಾರೆ

ಹೊರಗಿನಿಂದ ಕಾಸರಗೋಡಿಗೆ ಬಂದವರೊಬ್ಬರು ನನಗೆ ಹೇಳಿದರು, ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಕೆಲಸ ಏನು ಅಂತ ಕೇಳಲಿಲ್ಲ, 'ತಾಯಿ ಮನೆ ಎಲ್ಲಿ?' ಅಂತ ಕೇಳಿದರು ಎಂದು. ಅಜ್ಜಿ ಸುಮ್ನೆ ಕೇಳಿದ್ದಲ್ಲ. ಇಲ್ಲಿ ತುಂಬ ಮನೆಗಳಲ್ಲಿ ಮನುಷ್ಯನ ಗುರುತು ಶುರುವಾಗುವುದೇ ಅಲ್ಲಿಂದ.

ನಮ್ಮದು ಅಳಿಯಕಟ್ಟಿನ ಮನೆ. ಪುಸ್ತಕದಲ್ಲಿ ಅಳಿಯಸಂತಾನ ಅನ್ನುತ್ತಾರೆ. ಬಂಟರು, ಬಿಲ್ಲವರು, ಮೊಗವೀರರು ಎಲ್ಲ ಈ ಕಟ್ಟಿನವರು. ಪಕ್ಕದ ಅಡಿಕೆ ತೋಟದ ಹವ್ಯಕರದ್ದು ಮಕ್ಕಳಕಟ್ಟು, ಅಂದರೆ ಆಸ್ತಿ ಅಪ್ಪನಿಂದ ಮಗನಿಗೆ. ಚಂದ್ರಗಿರಿ ಹೊಳೆ ದಾಟಿ ದಕ್ಷಿಣಕ್ಕೆ ಹೋದರೆ ನಾಯರ್, ತೀಯರ ಮನೆಗಳಲ್ಲಿ ಮರುಮಕ್ಕತ್ತಾಯ ಅನ್ನುವ ಹೆಸರು ಕೇಳುತ್ತೀರಿ. ಹೆಸರು ಬೇರೆ, ಲೆಕ್ಕ ಹೆಚ್ಚುಕಡಿಮೆ ಒಂದೇ. ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಬರಿ, ಅಂದರೆ ಗೋತ್ರದ ಹಾಗಿನ ಗುರುತು, ಅದೂ ತಾಯಿಯದ್ದೇ. ಒಂದೇ ಬರಿಯವರು ಮದುವೆಯಾಗುವ ಹಾಗಿಲ್ಲ. ಅಳಿಯಕಟ್ಟಿನ 'ಅಳಿಯ' ಮಗಳ ಗಂಡ ಅಲ್ಲ, ಅಕ್ಕತಂಗಿಯರ ಮಗ. ಆಸ್ತಿ ನಡೆಯುತ್ತಿದ್ದದ್ದು ಸೋದರಮಾವನಿಂದ ಅವನಿಗೆ.

ಹಾಗಾದರೆ ಹೆಂಗಸರದ್ದೇ ಕಾರುಬಾರು ಅಲ್ವಾ ಅಂತ ಹೊರಗಿನವರು ಕೇಳುತ್ತಾರೆ. ಅಷ್ಟು ಸುಲಭ ಇಲ್ಲ. ಕುಟುಂಬಕ್ಕೆ ಯಜಮಾನ್ತಿ ಇದ್ದದ್ದೂ ಉಂಟು. ಆದರೆ ಜಾಸ್ತಿ ಮನೆಗಳಲ್ಲಿ ಗೇಣಿ ಲೆಕ್ಕ, ಕೋರ್ಟು ಕಾಗದ, ಅಕ್ಕಿ ಕಣಜದ ಬೀಗ ಎಲ್ಲ ಇದ್ದದ್ದು ಹಿರಿಯ ಸೋದರಮಾವನ ಕೈಯಲ್ಲಿ. ಆಸ್ತಿ ಹೆಣ್ಣಿನ ದಾರಿಯಲ್ಲಿ ಬರುತ್ತಿತ್ತು, ಅಧಿಕಾರ ಗಂಡಸಿನ ಹತ್ತಿರ ಕೂತಿರುತ್ತಿತ್ತು.

ಇದರ ಸಿಹಿ, ಕಹಿ ಎರಡನ್ನೂ ನಾನು ನಮ್ಮ ಅಜ್ಜಿಯ ಬದುಕಿನಲ್ಲೇ ಕಂಡೆ. ಅಜ್ಜ ಬೇಗ ತೀರಿಕೊಂಡರು. ಅಜ್ಜಿ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ತರವಾಡು ಮನೆಗೆ, ಅಂದರೆ ತಾಯಿ ಕಡೆಯ ಕುಟುಂಬದ ಮೂಲ ಮನೆಗೆ ಬಂದರು. ಅಣ್ಣಂದಿರು ಕರುಣೆಯಿಂದ ಇಟ್ಟುಕೊಂಡದ್ದಲ್ಲ, ಅದು ಅಜ್ಜಿಯದ್ದೇ ಮನೆ. ಅತ್ತಿಗೆಯರ ಮುಖ ನೋಡಿ ಊಟ ಮಾಡುವ ಪ್ರಮೇಯ ಬರಲಿಲ್ಲ. ವಿಧವೆಯೊಬ್ಬಳಿಗೆ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಕಹಿ ಏನೆಂದರೆ, ಅಜ್ಜನ ಗದ್ದೆಯಲ್ಲಿ ಹತ್ತು ವರ್ಷದಿಂದ ನೇಗಿಲು ಹಿಡಿದಿದ್ದ ಅಜ್ಜಿಯ ಮಗ, ನನ್ನ ದೊಡ್ಡ ಮಾವ, ಉಟ್ಟ ಬಟ್ಟೆಯಲ್ಲಿ ಹೊರಟರು. ಆ ಗದ್ದೆ ಅಜ್ಜನ ಅಳಿಯಂದಿರದ್ದಾಯಿತು. ದೊಡ್ಡ ಮಾವ ಮತ್ತೆಂದೂ ಆ ದಾರಿಯಲ್ಲಿ ನಡೆಯಲಿಲ್ಲ, ಪೇಟೆಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಹೀಗಾಗಿಯೇ ಅಪ್ಪಂದಿರು ಸ್ವಂತ ದುಡಿದದ್ದನ್ನು ಬದುಕಿದ್ದಾಗಲೇ ಗುಟ್ಟಾಗಿ ಮಕ್ಕಳ ಹೆಸರಿಗೆ ಮಾಡುವುದು, ಅಳಿಯಂದಿರು ಮುನಿಸಿಕೊಂಡು ಕೇಸು ಹಾಕುವುದು ಎಲ್ಲ ನಡೆಯುತ್ತಿತ್ತು.

ಕಾನೂನು ಒಂದೊಂದಾಗಿ ಬಂತು. 1949ರಲ್ಲಿ ಮದರಾಸು ಸರ್ಕಾರ ಅಳಿಯಸಂತಾನ ಕಾಯ್ದೆ ಮಾಡಿತು. ಆಗ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಹೋಯಿತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ನಿಂತು, ದೊಡ್ಡ ತರವಾಡುಗಳ ಗದ್ದೆ ಗೇಣಿದಾರರಿಗೆ ಸಿಕ್ಕಿತು. ಗದ್ದೆ ಹೋದ ಮೇಲೆ ಮಾವನ ದನಿಯೂ ಇಳಿಯಿತು. ಕೊನೆಗೆ 1975ರ ಕಾಯ್ದೆಯಲ್ಲಿ ಕೇರಳ ಕೂಡುಕುಟುಂಬ ಅನ್ನುವುದನ್ನೇ ರದ್ದು ಮಾಡಿತು. ಗಡಿಯ ತಲಪಾಡಿಯ ಆಚೆ, ಕರ್ನಾಟಕದಲ್ಲಿ, ಅಂಥ ಕಾಯ್ದೆ ಇಲ್ಲ. ಒಂದೇ ಕುಟುಂಬ, ಒಂದೇ ದೈವ, ಆದರೆ ಪಾಲಿನ ಮಾತು ಬಂದಾಗ ಮಂಜೇಶ್ವರದ ತಂಗಿಗೆ ಒಬ್ಬರು ವಕೀಲರು, ಬಂಟ್ವಾಳದ ಅಕ್ಕನಿಗೆ ಇನ್ನೊಬ್ಬರು.

ಮದುವೆ ಸಂಬಂಧಗಳು ಮಾತ್ರ ಗಡಿ ನೋಡಲಿಲ್ಲ. ನಮ್ಮ ಮನೆಗೆ ಹೆಣ್ಣು ಬರುವುದು ಪುತ್ತೂರು, ವಿಟ್ಲ, ಬಂಟ್ವಾಳದಿಂದ. ಹೀಗೆ ಬಂದವರಿಗೆ ತುಳು, ಕನ್ನಡ ಬರುತ್ತದೆ, ಮಲಯಾಳ ಓದಲು ಬರುವುದಿಲ್ಲ. ಶುರುವಿನಲ್ಲಿ ನನ್ನ ಹೆಂಡತಿ ಬಸ್ಸಿನ ಬೋರ್ಡಿಗೂ ನನ್ನನ್ನೇ ಕೇಳುತ್ತಿದ್ದಳು. ಮಗಳನ್ನು ಕನ್ನಡ ಮಾಧ್ಯಮದ ಶಾಲೆಗೆ ಹಾಕಿದ್ದಕ್ಕೆ ಭಾಷಾಭಿಮಾನ ಒಂದು ಕಾರಣ ಇರಬಹುದು. ಮನೆಯಲ್ಲಿ ಪಾಠ ಹೇಳಿಕೊಡುವವಳು ಅಮ್ಮ, ನಿಜವಾದ ಕಾರಣ ಅದು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿ ರಸ್ತೆ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದರು. ಹೆಂಡತಿಯ ತಾಯಿ ಮನೆ ಬೇರೆ ರಾಜ್ಯದಲ್ಲಿದೆ ಅಂತ ನಮಗೆ ಸರಿಯಾಗಿ ತಟ್ಟಿದ್ದು ಆವತ್ತು.

ಬಸ್ಸಿನ ಅಜ್ಜಿಯ ಪ್ರಶ್ನೆಗೆ ಇನ್ನೊಂದು ಮುಖವೂ ಉಂಟು, ಮುಚ್ಚಿಡುವುದಿಲ್ಲ. ತಾಯಿ ಮನೆ ತಿಳಿದರೆ ಜಾತಿ ತಿಳಿಯಿತು. ನೇರ ಕೇಳಲು ನಾಚಿಕೆ, ಹಾಗಾಗಿ ಬಳಸುದಾರಿ. ದೊಡ್ಡ ಗುತ್ತಿನ, ಅಂದರೆ ಊರಿನ ಹಳೆಯ ಪ್ರತಿಷ್ಠಿತ ಮನೆತನದ, ಮನೆಯ ಹೆಸರು ಹೇಳಿದವರಿಗೆ ಕುರ್ಚಿ ಬರುತ್ತದೆ. ಹೆಸರಿಲ್ಲದವರು ಜಗಲಿಯಲ್ಲೇ ನಿಂತಿದ್ದನ್ನೂ ನಾನು ನೋಡಿದ್ದೇನೆ. ಇದನ್ನು ಸಂಸ್ಕೃತಿ ಅಂತ ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಆಸ್ತಿ ಹಂಚಿಹೋದ ಮೇಲೂ ಉಳಿದದ್ದು ದೈವದ ಲೆಕ್ಕ. ವರ್ಷಕ್ಕೊಮ್ಮೆ ತರವಾಡಿನಲ್ಲಿ ಕೋಲ, ಅಂದರೆ ದೈವದ ಆರಾಧನೆ. ಮುಂಬಯಿ, ದುಬೈಯಿಂದೆಲ್ಲ ಬರುತ್ತಾರೆ. ದೈವ ಕುಟುಂಬದವರನ್ನು ಕರೆಯುವಾಗ ನಾನು ಮುಂದೆ ಹೋಗಿ ನಿಲ್ಲುತ್ತೇನೆ. ನನ್ನ ಮಗಳು ನಿಲ್ಲುವುದಿಲ್ಲ. ಅವಳ ಕುಟುಂಬ ಬಂಟ್ವಾಳದ್ದು, ಅಮ್ಮನದ್ದು. ಹೋದ ಸಲ ಅವಳು ನನ್ನ ಅಂಗಿ ಎಳೆದು ತುಳುವಿನಲ್ಲಿ ಕೇಳಿದಳು, 'ಅಪ್ಪ, ಯಾನ್ ಮುಲ್ಪ ಬಿನ್ನೆರಾ?' ನಾನಿಲ್ಲಿ ನೆಂಟರಾ ಅಂತ. ಹೌದು ಅಂದೆ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳು. ಆಮೇಲೆ ನೆಂಟರನ್ನು ಮೊದಲ ಪಂಕ್ತಿಗೆ ಕರೆದರು. ಅವಳು ಹೋಗಿ ಕೂತಳು, ನಾನು ಬಡಿಸಲು ಬಕೆಟ್ ಹಿಡಿದೆ.