ಕೊನೆಯ ಸೆಕೆಂಡಿನ ಆಚೀಚೆಯನ್ನೂ ಬರೆಯಿರಿ

ಪ್ರಿಯರೇ,

ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದೂ ಓಡುವ ಆಟ) ತಂಡವು 2013ರಲ್ಲಿ ಆಡಿದ ಋತುವನ್ನು ಕುರಿತು, ಆಗ ಅಲ್ಲಿಯೇ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ನೀವು ಬರೆದು ಕಳುಹಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಆದರೆ ವಸ್ತು ಗಟ್ಟಿಯಾಗಿದೆ, ಅದನ್ನು ಹತ್ತಿರದಿಂದ ಕಂಡವರೂ ನೀವೇ. ಆದ್ದರಿಂದ ಎರಡು ಸಾಲಿನ ವಿಷಾದಪತ್ರದಲ್ಲಿ ಮುಗಿಸದೆ, ಅನಿಸಿದ್ದನ್ನು ನೇರವಾಗಿಯೇ ತಿಳಿಸುತ್ತಿದ್ದೇನೆ.

ನಿಮ್ಮ ಲೇಖನ 2013ರ ನವೆಂಬರ್ 30ರ ಸಂಜೆ, ಅಲಬಾಮಾ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯದ ಕೊನೆಯ ಸೆಕೆಂಡಿನಲ್ಲಿ ಕ್ರಿಸ್ ಡೇವಿಸ್ ಎಂಬ ಆಟಗಾರ ಚೆಂಡು ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿ ಆಬರ್ನ್‌ಗೆ ಗೆಲುವು ತಂದ ಘಟನೆಯಿಂದ ಆರಂಭವಾಗುತ್ತದೆ, ಬಹುಪಾಲು ಅಲ್ಲಿಯೇ ಸುತ್ತುತ್ತದೆ, ಅಲ್ಲಿಯೇ ಮುಗಿಯುತ್ತದೆ. ‘ಅದ್ಭುತ’, ‘ಪವಾಡ’, ‘ರೋಮಾಂಚನ’ ಎಂಬ ಮಾತುಗಳು ಪುಟಪುಟದಲ್ಲೂ ಇವೆ. ಆದರೆ ಅದು ಏಕೆ ಅದ್ಭುತ ಎಂದು ಅರಿಯಲು ಬೇಕಾದ ಒಂದೇ ಒಂದು ನಿಯಮವನ್ನೂ ನೀವು ಹೇಳಿಲ್ಲ. ನಮ್ಮ ಓದುಗರಲ್ಲಿ ಹೆಚ್ಚಿನವರು ಈ ಆಟವನ್ನು ಪೂರ್ತಿಯಾಗಿ ನೋಡಿದವರಲ್ಲ. ಫೀಲ್ಡ್ ಗೋಲ್‌ಗಾಗಿ, ಅಂದರೆ ಗೋಲ್ ಕಂಬಗಳ ನಡುವೆ ಹಾಯಿಸಿ ಅಂಕ ಪಡೆಯಲು, ಒದ್ದ ಚೆಂಡು ಗುರಿ ಮುಟ್ಟದೆ ಮೈದಾನದೊಳಗೇ ಬಿದ್ದರೆ ಎದುರಾಳಿ ತಂಡ ಅದನ್ನು ಹಿಡಿದು ಓಡಬಹುದು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಚೆಂಡನ್ನು ಒದೆಯುವಾಗ ಒದೆಯುವ ತಂಡದ ಕಡೆ ನಿಂತಿರುವವರು ಹೆಚ್ಚಾಗಿ ಅಡ್ಡಗಟ್ಟಿ ನಿಲ್ಲಬಲ್ಲ ಭಾರೀ ದೇಹದವರು, ಓಟಗಾರನನ್ನು ಬೆನ್ನಟ್ಟಿ ಹಿಡಿಯುವವರಲ್ಲ ಎಂಬುದೂ ತಿಳಿದಿರುವುದಿಲ್ಲ. ಈ ಎರಡು ವಾಕ್ಯಗಳು ಇಲ್ಲದಿದ್ದರೆ ಡೇವಿಸ್‌ನ ಓಟ ಕೇವಲ ಒಂದು ಓಟವಾಗಿ ಉಳಿಯುತ್ತದೆ.

ಆ ಸೆಕೆಂಡು ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಮೂವತ್ತೆರಡು ಸೆಕೆಂಡು ಉಳಿದಿದ್ದಾಗ ಆಬರ್ನ್ 28–28ಕ್ಕೆ ಸಮ ಮಾಡಿಕೊಂಡಿತು. ಅಲಬಾಮಾದ ಆಟಗಾರ ಚೆಂಡಿನೊಂದಿಗೆ ಗಡಿರೇಖೆ ದಾಟಿದಾಗ ಗಡಿಯಾರದಲ್ಲಿ ಸೊನ್ನೆ ಕಾಣುತ್ತಿತ್ತು. ಪರಿಶೀಲನೆಯ ಬಳಿಕ ತೀರ್ಪುಗಾರರು ಒಂದು ಸೆಕೆಂಡನ್ನು ಮರಳಿ ಸೇರಿಸಿದರು, ಅದನ್ನು ಕೇಳಿ ಪಡೆದವರು ಅಲಬಾಮಾದ ಕೋಚ್ ನಿಕ್ ಸೇಬನ್. ಅವರ ಮುಖ್ಯ ಕಿಕ್ಕರ್ ಆ ಪಂದ್ಯದಲ್ಲಿ ಆಗಲೇ ಮೂರು ಸಲ ವಿಫಲನಾಗಿದ್ದ ಕಾರಣ 57 ಯಾರ್ಡ್ ದೂರದ ಈ ಒದೆತಕ್ಕೆ ಆಡಂ ಗ್ರಿಫಿತ್ ಎಂಬ ಕಿರಿಯನನ್ನು ಕಳುಹಿಸಿದರು. ಇತ್ತ ಆಬರ್ನ್‌ನ ಕೋಚ್ ಗಸ್ ಮಲ್ಜಾನ್ ಟೈಮ್‌ಔಟ್ ಕೇಳಿ, ಗೋಲ್ ಕಂಬದ ಕೆಳಗೆ ಮೊದಲು ನಿಲ್ಲಿಸಿದ್ದವನನ್ನು ಬದಲಿಸಿ ಡೇವಿಸ್‌ನನ್ನು ಅಲ್ಲಿಗೆ ಕಳುಹಿಸಿದರು. ಈ ಎರಡು ನಿರ್ಧಾರಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಸಾಕು, ‘ವಿಧಿ’ ಎಂಬ ಪದವನ್ನು ನೀವು ಬಳಸಬೇಕಾಗಿಯೇ ಇಲ್ಲ. ಅಂದಹಾಗೆ, ಓಟದ ದೂರವನ್ನು ಒಂದು ಕಡೆ 109 ಯಾರ್ಡ್, ಇನ್ನೊಂದು ಕಡೆ 100 ಯಾರ್ಡ್ ಎಂದು ಬರೆದಿದ್ದೀರಿ. ಡೇವಿಸ್ ಓಡಿದ್ದು 109, ಅಧಿಕೃತ ದಾಖಲೆಯಲ್ಲಿರುವುದು 100, ಏಕೆಂದರೆ ಕಾಲೇಜು ಫುಟ್‌ಬಾಲ್ ಗೋಲ್ ಗೆರೆಯ ಹಿಂದಿನ ದೂರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೆಂದು ಬರೆಯಿರಿ, ಇಲ್ಲದಿದ್ದರೆ ಅದು ಅಚ್ಚಿನ ತಪ್ಪಿನಂತೆ ಕಾಣುತ್ತದೆ.

ಒಂದು ಋತುವನ್ನು ಬರೆಯಹೊರಟವರು ಅದರ ಹಿಂದಿನ ಋತುವನ್ನು ಮರೆತಿದ್ದು ನನಗೆ ಆಶ್ಚರ್ಯ ತಂದಿತು. 2012ರಲ್ಲಿ ಇದೇ ಆಬರ್ನ್ ಮೂರು ಪಂದ್ಯ ಗೆದ್ದು ಒಂಬತ್ತು ಸೋತಿತ್ತು. ತನ್ನ ಕಾನ್ಫರೆನ್ಸ್‌ನ (ತಾನು ಸೇರಿರುವ ತಂಡಗಳ ಕೂಟದ) ಎಂಟು ಪಂದ್ಯಗಳಲ್ಲಿ ಒಂದನ್ನೂ ಗೆದ್ದಿರಲಿಲ್ಲ, ಕೊನೆಯದಾಗಿ ಅಲಬಾಮಾ ಕೈಯಲ್ಲಿ 49–0 ಅಂತರದಿಂದ ನೆಲಕಚ್ಚಿತ್ತು. ಈ 49–0 ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ಮಲ್ಜಾನ್ ಬಂದದ್ದು ಆ ಅವಮಾನದ ನಂತರ. ಅವರು ಆಯ್ದುಕೊಂಡ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ನಿಕ್ ಮಾರ್ಷಲ್, ಜಾರ್ಜಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ರಕ್ಷಣೆಯ ಆಟಗಾರನಾಗಿದ್ದು, ಅಲ್ಲಿಂದ ಹೊರಹಾಕಲ್ಪಟ್ಟು, ಜೂನಿಯರ್ ಕಾಲೇಜೊಂದರ ಮೂಲಕ ಬಂದವನು. ನವೆಂಬರ್ 16ರಂದು ಜಾರ್ಜಿಯಾ ವಿರುದ್ಧ 37–17ರ ಮುನ್ನಡೆಯನ್ನು ಕಳೆದುಕೊಂಡು 37–38ಕ್ಕೆ ಇಳಿದಿದ್ದಾಗ ಚೆಂಡು ಇದ್ದದ್ದು ಅವನ ಕೈಯಲ್ಲಿ, ಎದುರಿಗಿದ್ದದ್ದು ಅವನ ಹಳೆಯ ತಂಡ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಯಾರ್ಡ್ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುವ ಈ ಆಟದಲ್ಲಿ, ನಾಲ್ಕನೆಯ ಪ್ರಯತ್ನಕ್ಕೆ ಹದಿನೆಂಟು ಯಾರ್ಡ್ ಬಾಕಿ ಉಳಿದಿತ್ತು. ಅವನು ಎಸೆದ ಚೆಂಡನ್ನು ಹಿಡಿಯಲು ಜಾರ್ಜಿಯಾದ ಇಬ್ಬರು ಒಟ್ಟಿಗೆ ಹಾರಿದರು, ಅವರ ಕೈಗೆ ಬಡಿದು ಪುಟಿದ ಚೆಂಡು ರಿಕಾರ್ಡೊ ಲೂಯಿಯ ಕೈಸೇರಿ 73 ಯಾರ್ಡ್‌ಗಳ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಪಡೆಯುವ ಅಂಕ) ಆಯಿತು. ನೀವು ಇದನ್ನು ‘ಇನ್ನೊಂದು ಅದೃಷ್ಟದ ಗೆಲುವು’ ಎಂದು ಅರ್ಧ ಸಾಲಿನಲ್ಲಿ ದಾಟಿದ್ದೀರಿ.

ರಾಷ್ಟ್ರೀಯ ಚಾಂಪಿಯನ್ನರನ್ನು ನಿರ್ಧರಿಸುವ ಫೈನಲ್‌ಗೆ ತಂಡ ‘ಸಹಜವಾಗಿಯೇ ತಲುಪಿತು’ ಎಂಬ ಮಾತು ತಪ್ಪು. ಆಗ ಮತದಾನ ಮತ್ತು ಗಣಕಗಳ ಲೆಕ್ಕಾಚಾರ ಸೇರಿ ಎರಡೇ ತಂಡಗಳನ್ನು ಆರಿಸುವ ಪದ್ಧತಿಯಿತ್ತು. ಡಿಸೆಂಬರ್ 7ರಂದು ಆಬರ್ನ್ ಮಿಸ್ಸೂರಿಯನ್ನು 59–42ರಿಂದ ಸೋಲಿಸಿದ ರಾತ್ರಿಯೇ ಒಹಾಯೊ ಸ್ಟೇಟ್ ಇನ್ನೊಂದು ಊರಿನಲ್ಲಿ ಸೋತದ್ದರಿಂದ ಎರಡನೆಯ ಸ್ಥಾನ ತೆರವಾಯಿತು. ಆಟಗಾರರನ್ನು ‘ಕೋಟ್ಯಧಿಪತಿಗಳು’ ಎಂದು ಕರೆದಿರುವುದನ್ನೂ ತೆಗೆಯಿರಿ. ಅಂದು ಅವರಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ ಮಾತ್ರ, ತಮ್ಮ ಹೆಸರಿನಿಂದ ಹಣ ಗಳಿಸುವ ಅವಕಾಶ ತೆರೆದದ್ದು 2021ರಲ್ಲಿ. ಮೂರು ಸಲ ವಿಫಲನಾದ ಅಲಬಾಮಾದ ಆ ಮುಖ್ಯ ಕಿಕ್ಕರ್ ಬಗ್ಗೆ ನೀವು ಮಾಡಿರುವ ಹಾಸ್ಯ ನನಗೆ ಹಿಡಿಸಲಿಲ್ಲ. ಅವನೂ ಒಬ್ಬ ವಿದ್ಯಾರ್ಥಿ, ಆ ರಾತ್ರಿ ಅವನಿಗೆ ಸಾಮಾಜಿಕ ಜಾಲತಾಣಗಳಲ್ಲಿ ಕೊಲೆ ಬೆದರಿಕೆಗಳು ಬಂದಿದ್ದವು.

ಈಗ ನಿಜವಾದ ತಕರಾರಿಗೆ ಬರುತ್ತೇನೆ. 2014ರ ಜನವರಿ 6ರಂದು ಕ್ಯಾಲಿಫೋರ್ನಿಯಾದ ಪಸಾಡೀನಾದಲ್ಲಿ ನಡೆದ ಫೈನಲ್ ಅನ್ನು ನೀವು ಬರೆದೇ ಇಲ್ಲ. ‘ಆ ನೋವನ್ನು ನೆನೆಯಲಾರೆ’ ಎಂದು ಕೈತೊಳೆದುಕೊಂಡಿದ್ದೀರಿ. ಫ್ಲಾರಿಡಾ ಸ್ಟೇಟ್ ವಿರುದ್ಧ 21–3ರಿಂದ ಮುಂದಿದ್ದ ಆಬರ್ನ್ ಕೊನೆಗೆ 31–34ರಿಂದ ಸೋತಿತು, ನಿರ್ಣಾಯಕ ಟಚ್‌ಡೌನ್ ಬಂದಾಗ ಉಳಿದಿದ್ದದ್ದು ಹದಿಮೂರು ಸೆಕೆಂಡು. ಅದಕ್ಕೆ ತುಸು ಮೊದಲು, ಎಂಡ್ ಜೋನ್‌ನಲ್ಲಿ (ಗೋಲ್ ಗೆರೆಯ ಹಿಂದಿನ ಜಾಗದಲ್ಲಿ) ಎದುರಾಳಿಯನ್ನು ನಿಯಮ ಮೀರಿ ತಡೆದನೆಂದು ದಂಡ ಬಿದ್ದದ್ದು ಯಾರ ಮೇಲೆ? ಕ್ರಿಸ್ ಡೇವಿಸ್ ಮೇಲೆ. ಅದರಿಂದಾಗಿ ಚೆಂಡು ಗೋಲ್ ಗೆರೆಗೆ ಎರಡೇ ಯಾರ್ಡ್ ದೂರಕ್ಕೆ ಬಂತು. ಎತ್ತರದ ಕೆಲ್ವಿನ್ ಬೆಂಜಮಿನ್ ಚೆಂಡನ್ನು ಹಿಡಿದಾಗ ಅವನನ್ನು ಕಾಯುತ್ತಿದ್ದವನೂ ಡೇವಿಸ್‌ನೇ. ಮೂವತ್ತೇಳು ದಿನಗಳ ಹಿಂದೆ ಇಡೀ ಊರು ಹೆಗಲ ಮೇಲೆ ಹೊತ್ತವನು ಅಂದು ಆ ತುದಿಯಲ್ಲಿ ನಿಂತಿದ್ದ. ಆಬರ್ನ್‌ನ ಹನ್ನೆರಡು ಗೆಲುವು, ಎರಡು ಸೋಲುಗಳ ಆ ಋತುವನ್ನು ಬರೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ನೀವು ಅಭಿಮಾನಿಯಾಗಿ ಮುಚ್ಚಿಟ್ಟ ಪುಟವೇ ಬರಹಗಾರರಾಗಿ ನಿಮಗೆ ಬೇಕಾಗಿದ್ದ ಪುಟ.

ನನಗೆ ತುಂಬ ಇಷ್ಟವಾದ ಭಾಗವೊಂದಿದೆ, ಅದು ಆರನೆಯ ಪುಟದ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದೆ. ಟಿಕೆಟ್ ಸಿಗದೆ ಪ್ರಯೋಗಾಲಯದಲ್ಲಿ ಕುಳಿತು ಫೋನಿನಲ್ಲಿ ಪಂದ್ಯ ನೋಡುತ್ತಿದ್ದ ನಿಮಗೆ ಕ್ರೀಡಾಂಗಣದ ಕಡೆಯಿಂದ ಕಿಟಕಿ ಅದುರುವಂಥ ಕೂಗು ಕೇಳಿಸಿತು. ಫೋನಿನ ಪರದೆಯಲ್ಲಿ ಮಾತ್ರ ಗ್ರಿಫಿತ್ ಇನ್ನೂ ಚೆಂಡನ್ನು ಒದ್ದಿರಲಿಲ್ಲ, ಗೆದ್ದವರು ಯಾರೆಂದು ತಿಳಿದ ಮೇಲೆ ನೀವು ಆ ಒದೆತವನ್ನು ನೋಡಿದಿರಿ. ಅದನ್ನು ಆರಂಭಕ್ಕೆ ತರಬೇಡಿ, ಸುತ್ತ ಇರುವ ವಿಶೇಷಣಗಳನ್ನು ತೆಗೆದು ಅದರ ಜಾಗದಲ್ಲಿಯೇ ಬಿಡಿ. ಪ್ರತಿ ಪುಟದಲ್ಲೂ ಬರುವ ಕ್ರಿಕೆಟ್ ಹೋಲಿಕೆಗಳು ಬೇಡ.

ಸಾವಿರದೈನೂರು ಪದಗಳ ಮಿತಿಯಲ್ಲಿ, 49–0ರಿಂದ ಆರಂಭಿಸಿ ಪಸಾಡೀನಾದವರೆಗೆ ಬರೆದು ಕಳುಹಿಸಿದರೆ ಮತ್ತೆ ಓದುತ್ತೇನೆ. ಆಟಗಾರರ ಹೆಸರುಗಳನ್ನು ಎಲ್ಲ ಕಡೆಯೂ ಒಂದೇ ರೀತಿ ಬರೆಯಿರಿ, ಈ ಪ್ರತಿಯಲ್ಲಿ ಮಲ್ಜಾನ್ ಅವರ ಹೆಸರು ಪುಟಕ್ಕೊಂದು ಬಗೆಯಲ್ಲಿದೆ.

ವಿಶ್ವಾಸದಿಂದ,
ಸಂಪಾದಕ