ಕೆಲಸ ಬಿಡಿ, ಆದರೆ ನಾಳೆ ಬೆಳಿಗ್ಗೆಯೇ ಬೇಡ

ಜರ್ಮನಿಗೆ ಬಂದು ಎಂಟು ತಿಂಗಳಾಯಿತು, ಬ್ಲೂ ಕಾರ್ಡ್ (ಪರಿಣತ ನೌಕರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಇದೆ, ಆಫೀಸಿನಲ್ಲಿ ತೆಗೆದುಕೊಳ್ಳುವ ತಾಂತ್ರಿಕ ನಿರ್ಧಾರಗಳನ್ನು ನೋಡಿ ಸಾಕಾಗಿದೆ, ಬಿಟ್ಟರೆ ಊರಿಗೆ ವಾಪಸ್ ಹೋಗಬೇಕಾ ಎಂದು ಕೇಳಿದ್ದೀರಿ. ಬಿಟ್ಟ ಮರುದಿನವೇ ಯಾರೂ ಕಳಿಸುವುದಿಲ್ಲ. ಆದರೂ ಸಿಟ್ಟಿನಲ್ಲಿ ರಾಜೀನಾಮೆ ಕೊಡಬೇಡಿ.

ನಿಮ್ಮ ಸಂಕಟ ನನಗೆ ಗೊತ್ತು. ನಾನೂ ಇದೇ ಕಾರಣಕ್ಕೆ ಒಂದು ಕೆಲಸ ಬಿಟ್ಟವನು. ನಾವು ಆರು ಜನ ಇದ್ದೆವು. ಒಂದೇ ಅಪ್ಲಿಕೇಶನ್, ಚೆನ್ನಾಗಿ ಓಡುತ್ತಿತ್ತು. ಅದನ್ನು ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ಬೇರೆ ಬೇರೆಯಾಗಿ ಓಡುವ ಸಣ್ಣ ಪ್ರೋಗ್ರಾಂಗಳಾಗಿ, ಒಡೆಯಲೇಬೇಕು ಎಂದು ಮೇಲಿನಿಂದ ಹೇಳಿದರು. ಮೂವತ್ತು ತುಂಡು ಮಾಡಿದೆವು. ಡೇಟಾಬೇಸ್ ಮಾತ್ರ ಒಂದೇ ಉಳಿಯಿತು. ಎಡವಿದ್ದು ಅಲ್ಲೇ. ಟೇಬಲ್‌ನಲ್ಲಿ ಒಂದು ಕಾಲಂ ಬದಲಾದರೆ ಒಂಬತ್ತು ಸರ್ವಿಸ್‌ಗಳನ್ನು ಒಟ್ಟಿಗೆ ಡಿಪ್ಲಾಯ್ ಮಾಡಬೇಕು, ಅಂದರೆ ಹೊಸದಾಗಿ ಚಾಲನೆಗೆ ತರಬೇಕು. ಮೊದಲು ಒಂದು ಫಂಕ್ಷನ್ ಕರೆದರೆ ಮುಗಿಯುತ್ತಿದ್ದ ಕೆಲಸ ಈಗ ನೆಟ್‌ವರ್ಕ್ ದಾಟಬೇಕು. ಉತ್ತರ ತಡವಾಗಿ ಟೈಮ್‌ಔಟ್ ಆಗಿ, ಅದೇ ಕೋರಿಕೆ ಮತ್ತೊಮ್ಮೆ (ರೀಟ್ರೈ) ಹೋದರೆ ಒಂದೇ ಆರ್ಡರ್ ಎರಡು ಸಲ ದಾಖಲು. ಒಡೆದದ್ದರ ಕಷ್ಟವೆಲ್ಲ ಬಂತು, ಲಾಭ ಬರಲಿಲ್ಲ. ರಾತ್ರಿ ಫೋನ್ ಬಂದರೆ ಎದ್ದು ಕೂರುತ್ತಿದ್ದವರು ನಾವು, ನಿರ್ಧಾರ ಮಾಡಿದವರಲ್ಲ. ಅದೇ ಜಾಸ್ತಿ ನೋಯಿಸಿತು.

ಮೀಟಿಂಗ್‌ಗಳಲ್ಲಿ ತುಂಬಾ ವಾದ ಮಾಡಿದೆ. ಕೊನೆಗೆ ಬರೆದು ಕೊಟ್ಟೆ: ತೊಂದರೆ ಏನು, ಬೇರೆ ದಾರಿ ಏನು, ಎಷ್ಟು ದಿನದ ಕೆಲಸ. ಎರಡೇ ಪುಟ. ಉತ್ತರ ಬರಲಿಲ್ಲ. ಆಗಲೇ ಬಿಡುವ ಮನಸ್ಸು ಮಾಡಿದ್ದು. ನೀವೂ ಒಮ್ಮೆ ಬರೆದು ಕೊಡಿ. ತಪ್ಪು ನಿರ್ಧಾರ ಎಲ್ಲ ಕಂಪನಿಯಲ್ಲೂ ಆಗುತ್ತದೆ, ಅಲ್ವಾ? ತೋರಿಸಿಕೊಟ್ಟರೂ ಕೇಳಿಸಿಕೊಳ್ಳುವವರಿಲ್ಲ ಎಂದಾದರೆ ಮಾತ್ರ ಹೊರಡಿ.

ಹೊಸ ಕಾಂಟ್ರ್ಯಾಕ್ಟ್‌ಗೆ ಸಹಿ ಬಿದ್ದ ಮೇಲೆಯೇ ಹಳೆಯದನ್ನು ಬಿಡಿ. ಬ್ಲೂ ಕಾರ್ಡ್‌ನ ಮೊದಲ 12 ತಿಂಗಳಲ್ಲಿ ಕೆಲಸ ಬದಲಿಸುವುದಾದರೆ ಔಸ್‌ಲೆಂಡರ್‌ಬೆಹೋರ್ಡೆಗೆ, ಅಂದರೆ ಕಾರ್ಡ್ ಕೊಟ್ಟ ಕಚೇರಿಗೆ, ತಿಳಿಸಬೇಕು. ಪರಿಶೀಲನೆಗೆಂದು ಅವರು 30 ದಿನ ತಡೆಹಿಡಿಯಬಹುದು. ವರ್ಷ ತುಂಬಿದ ಮೇಲೆ ಆ ತಡೆ ಇಲ್ಲ. ನಾಲ್ಕು ತಿಂಗಳು ಕಾಯಲು ಆದರೆ ಕಾಯಿರಿ ಎನ್ನುತ್ತೇನೆ. ನಿರುದ್ಯೋಗ ಭತ್ಯೆಯನ್ನಂತೂ ನೆಚ್ಚಬೇಡಿ. ಅದಕ್ಕೆ ನಿರುದ್ಯೋಗ ವಿಮೆಗೆ 12 ತಿಂಗಳ ವಂತಿಗೆ ಕಟ್ಟಿರಬೇಕು. ಕಟ್ಟಿದ್ದರೂ, ತಾವಾಗಿಯೇ ಬಿಟ್ಟವರಿಗೆ ಸಾಮಾನ್ಯವಾಗಿ ಮೊದಲ 12 ವಾರ ಏನೂ ಸಿಗುವುದಿಲ್ಲ. ಸಾಫ್ಟ್‌ವೇರ್ ಕಟ್ಟಿದ ರೀತಿ, ಅಂದರೆ ಆರ್ಕಿಟೆಕ್ಚರ್, ಸರಿ ಇರಲಿಲ್ಲ ಎಂದರೆ ಅಲ್ಲಿ ಕಾರಣವಾಗುವುದಿಲ್ಲ.

ರಾಜೀನಾಮೆ ಕಾಗದದ ಮೇಲೆ, ಪೆನ್ನಿನ ಸಹಿಯೊಂದಿಗೆ ಇರಬೇಕು. ಇಮೇಲ್ ಇಲ್ಲಿ ಕಾನೂನಿನ ಪ್ರಕಾರ ನಡೆಯುವುದಿಲ್ಲ. ಹೊರಡುವಾಗ ಆರ್ಬೈಟ್ಸ್‌ಟ್ಸೊಯ್ಗ್ನಿಸ್ ಕೇಳಿ ಪಡೆಯಿರಿ. ಕೆಲಸದ ಗುಣವನ್ನೂ ಹೇಳುವ ಪ್ರಮಾಣಪತ್ರ ಅದು, ನಿಮ್ಮ ಹಕ್ಕು. ಓದಲು ಎಲ್ಲವೂ ಹೊಗಳಿಕೆಯಂತೆ ಕಾಣುತ್ತದೆ. ಆದರೆ ‘ನಮಗೆ ಯಾವಾಗಲೂ ಪೂರ್ಣ ತೃಪ್ತಿ’ ಎನ್ನುವಲ್ಲಿ ‘ಯಾವಾಗಲೂ’ ಬಿಟ್ಟುಹೋದರೆ ಒಂದು ದರ್ಜೆ ಕಡಿಮೆ ಎಂದೇ ಅರ್ಥ. ಜಗಳವಾಡಿ ಹೊರಟರೆ ಏಟು ಬೀಳುವುದು ಇಂಥಲ್ಲಿ. ಕೊನೆಯ ದಿನದವರೆಗೂ ಕೆಲಸ ಚೆನ್ನಾಗಿ ಮಾಡಿ, ಹ್ಯಾಂಡೋವರ್ ಬರೆದಿಡಿ.

ಹೊಸ ಕಡೆ ಇಂಟರ್ವ್ಯೂನಲ್ಲಿ ಸುಮ್ನೆ ಉತ್ತರ ಕೊಟ್ಟು ಬರಬೇಡಿ, ನೀವೂ ಕೇಳಿ. ಟೀಮಿನವರು ಬೇಡ ಎಂದದ್ದಕ್ಕೆ ನೀವು ಕೈಬಿಟ್ಟ ನಿರ್ಧಾರ ಯಾವುದು ಎಂದು ನಾನು ಕೇಳುತ್ತಿದ್ದೆ. ಎರಡು ಕಂಪನಿಗಳಲ್ಲಿ ಮುಖ ಮುಖ ನೋಡಿಕೊಂಡರು. ಮೂರನೆಯ ಕಡೆ ಟೀಮ್ ಲೀಡ್ ತಾನೇ ಮಾಡಿದ ತಪ್ಪು ಆಯ್ಕೆಯ ಬಗ್ಗೆ ಹತ್ತು ನಿಮಿಷ ವಿವರವಾಗಿ ಹೇಳಿದರು. ನಾನು ಸೇರಿದ್ದು ಅಲ್ಲಿಗೆ, ಇನ್ನೂ ಅಲ್ಲೇ ಇದ್ದೇನೆ.